ಲ್ಯಾಪ್‌ಟಾಪಿಗಾಗಿ ಬೆಂಗಳೂರು ಯಾತ್ರೆ

ಯಾತ್ರೆಯೆಂದೊಡನೆ ವಾಚಕರು ಕಾಶಿಯನ್ನೋ ರಾಮೇಶ್ವರವನ್ನೋ ನೆನೆಯುವುದು ಸಹಜ. ನಾನು ಈಗ ಹೇಳಹೊರಟಿರುವುದು ತಿಪಟೂರಿನಿಂದ ಬೆಂಗಳೂರಿನ ಎಸ್. ಪಿ. ರಸ್ತೆಯವರೆಗೆ ನಡೆದ ಒಂದೇ ದಿನದ ಪ್ರಯಾಣವನ್ನು. ಅಲ್ಲಿ ದೇವರ ದರ್ಶನವಾಗಲಿ ತೀರ್ಥಸ್ನಾನವಾಗಲಿ ಇರಲಿಲ್ಲ. ಆದರೆ ಜನರ ನೂಕುನುಗ್ಗಲು, ಕೈಯಲ್ಲಿರುವ ಹಣದ ಚಿಂತೆ, ನಂಬತಕ್ಕವರು ಯಾರು ನಂಬಬಾರದವರು ಯಾರು ಎಂಬ ಸಂದೇಹ, ಇವೆಲ್ಲವೂ ಯಾವ ಕ್ಷೇತ್ರಕ್ಕೂ ಕಡಿಮೆಯಿಲ್ಲದಂತೆ ಇದ್ದುವು. ಮಕ್ಕಳನ್ನು ಉನ್ನತ ವ್ಯಾಸಂಗಕ್ಕೆ ಕಳುಹಿಸುವ ಗೃಹಸ್ಥರಿಗೆ ಈ ಅನುಭವ ಸ್ವಲ್ಪ ಪ್ರಯೋಜನವಾದೀತೆಂದು ಬರೆಯುತ್ತಿದ್ದೇನೆ.

ನನ್ನ ತಂಗಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಆ ಹುಡುಗಿ ೨೦೨೫ರಲ್ಲಿ ನಮ್ಮೂರಿನಲ್ಲಿಯೇ ಬಿ.ಎಸ್‌ಸಿ. ಮುಗಿಸಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್‌ಸಿ. ತರಗತಿಗೆ ಸೇರಿದಳು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದುದು ೧೯೧೬ರಲ್ಲಿ. ಕುವೆಂಪುರವರು ಹೆಸರಿಟ್ಟ ಆ ವಿಶಾಲವಾದ ವಿದ್ಯಾಕ್ಷೇತ್ರ ಆರಂಭವಾದುದು ೧೯೬೦ರಲ್ಲಿ. ನಾನೂ ಅಲ್ಲಿಯೇ ಸಂಸ್ಕೃತವನ್ನು ಓದಿದವನು. ನನ್ನ ಕಾಲದಲ್ಲಿ ಒಂದು ತಗಡಿನ ಪೆಟ್ಟಿಗೆ, ನಾಲ್ಕು ಪುಸ್ತಕ, ಒಂದು ಜಮಖಾನೆ ಇದ್ದರೆ ವಿದ್ಯಾರ್ಥಿಯ ಸಲಕರಣೆ ಮುಗಿಯಿತು. ಈಗ ಹಾಗಲ್ಲ. ಸಂಖ್ಯಾಶಾಸ್ತ್ರದವರು ಸಾವಿರಾರು ಸಾಲುಗಳ ಕೋಷ್ಟಕಗಳನ್ನು ‘ಆರ್’ ಎಂಬ ಒಂದೇ ಅಕ್ಷರದ ಹೆಸರಿನ ತಂತ್ರಾಂಶದಲ್ಲಿ ಹಾಕಿ ಲೆಕ್ಕ ಮಾಡಬೇಕು. ಪ್ರಬಂಧಗಳನ್ನು ಯಂತ್ರದಲ್ಲಿಯೇ ಬರೆದು ಒಪ್ಪಿಸಬೇಕು. ಉಪನ್ಯಾಸಗಳನ್ನು ಅದರಲ್ಲಿಯೇ ಕೇಳಬೇಕು. ಹುಡುಗಿ ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ತಾಯಿಯ ಮೊಬೈಲನ್ನು ಹಿಡಿದು ಮಹಡಿಯ ಮೇಲೆ ನಿಂತು ಪಾಠ ಕೇಳಿದವಳು. ಮತ್ತೆ ಎರಡು ವರ್ಷ ಅಂಗೈಯಗಲದ ಪರದೆಯಲ್ಲಿ ಓದೆಂದು ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ.

ತಂಗಿಯ ಪತಿ ತೀರಿಕೊಂಡು ಆರು ವರ್ಷವಾಯಿತು. ಎರಡು ಎಕರೆಯ ತೆಂಗಿನ ತೋಟವೇ ಜೀವನಾಧಾರ. ನಮ್ಮ ಕಡೆಯ ಉಂಡೆಕೊಬ್ಬರಿಯ ವಿಚಾರವನ್ನು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿ ಹರಡಿದರೆ, ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಒಣಗಿ ಚಿಪ್ಪನ್ನು ಬಿಡುವವರೆಗೆ ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ಒಂದು ವರ್ಷ ಕಾಯಬೇಕು. ಅವಸರ ಮಾಡಿದವನಿಗೆ ಗಿಟುಕು ದೊರೆಯುವುದಿಲ್ಲ. ಆ ರೀತಿ ಒಂದು ವರ್ಷ ಅಟ್ಟದಲ್ಲಿ ಕಾದ ಕಾಯಿಯನ್ನು ಮಾರಿ, ಮನೆಖರ್ಚನ್ನು ತೆಗೆದಿರಿಸಿ, ತಂಗಿ ೪೨,೦೦೦ ರೂಪಾಯಿಗಳನ್ನು ನನ್ನ ಖಾತೆಗೆ ಹಾಕಿದಳು. “ಅಣ್ಣ, ಇದರೊಳಗೆ ಆಗಬೇಕು. ನೀನು ಕೈಯಿಂದ ಹಾಕಕೂಡದು” ಎಂದಳು. ನಾನು ಆ ವರ್ಷವೇ ನಿವೃತ್ತನಾಗಿದ್ದವನು. ಕೈಯಲ್ಲಿ ನಾಲ್ಕು ಕಾಸು ಇದ್ದಿತು. ಆದರೂ ಅವಳು ಒಪ್ಪಲಿಲ್ಲ. ಇದರ ಕಾರಣ ನನಗೆ ಚೆನ್ನಾಗಿ ತಿಳಿದಿತ್ತು. ವಾಚಕರಿಗೆ ಮುಂದೆ ತಿಳಿಯುವುದು.

ಕಾರ್ತಿಕಮಾಸದ ಒಂದು ಬೆಳಗಿನ ಜಾವ ನಾನೂ ಹುಡುಗಿಯೂ ರೈಲು ಹತ್ತಿದೆವು. ಬಾಣಸಂದ್ರ, ಅಮ್ಮಸಂದ್ರ, ನಿಟ್ಟೂರುಗಳು ಮಂಜಿನಲ್ಲಿಯೇ ಹಿಂದೆ ಸರಿದುವು. ಗುಬ್ಬಿಯ ಹೊತ್ತಿಗೆ ಬೆಳಕು ಹರಿಯಿತು. ಹುಡುಗಿ ತನ್ನ ಟಿಪ್ಪಣಿ ಪುಸ್ತಕವನ್ನು ತೆಗೆದು, ತನಗೆ ಏನು ಬೇಕು ಏನು ಬೇಡ ಎಂದು ಎರಡು ಪಟ್ಟಿ ಮಾಡಿರುವುದನ್ನು ತೋರಿಸಿದಳು. ಬೇಕಾದ್ದು ಸ್ವಲ್ಪವೇ ಇತ್ತು; ಬೇಡದ್ದು ಉದ್ದವಾಗಿತ್ತು. ಆಟಗಳಿಗೆಂದು ಮಾಡಿದ ಚಿತ್ರಶಕ್ತಿಯ ಯಂತ್ರ ಬೇಡ. ಮುಟ್ಟುವ ಪರದೆ ಬೇಡ. ಹದಿನಾಲ್ಕು ಅಂಗುಲಕ್ಕಿಂತ ದೊಡ್ಡ ಪರದೆ ಬೇಡ.

“ದೊಡ್ಡದಾದರೆ ಕಣ್ಣಿಗೆ ಒಳ್ಳೆಯದಲ್ಲವೇ ಮಗು?” ಎಂದೆನು.

“ಕಣ್ಣಿಗೆ ಒಳ್ಳೆಯದು ಮಾವ, ಬೆನ್ನಿಗೆ ಕೆಟ್ಟದ್ದು. ಹಾಸ್ಟೆಲಿನಿಂದ ವಿಭಾಗಕ್ಕೆ, ಅಲ್ಲಿಂದ ಗ್ರಂಥಾಲಯಕ್ಕೆ ದಿನಾ ಹೊರುವವಳು ನಾನು” ಎಂದಳು.

ಈ ಯಂತ್ರದ ಪೂರ್ವೇತಿಹಾಸವನ್ನೂ ಅವಳೇ ಹೇಳಿದಳು. ಅಮೆರಿಕದ ಅಲನ್ ಕೇ ಎಂಬ ವಿದ್ವಾಂಸನು ಮಕ್ಕಳು ಎಲ್ಲಿಗಾದರೂ ಕೊಂಡೊಯ್ಯಬಹುದಾದ ಪುಸ್ತಕಾಕಾರದ ಗಣಕವೊಂದನ್ನು ಕಲ್ಪಿಸಿ, ೧೯೭೨ರಲ್ಲಿ ಅದರ ವಿವರವನ್ನು ಬರೆದನಂತೆ. ತೂಕ ನಾಲ್ಕು ಪೌಂಡಿಗೆ, ಅಂದರೆ ಸುಮಾರು ೧.೮ ಕಿಲೋಗ್ರಾಮಿಗೆ ಮೀರಬಾರದು. ಬೆಲೆ ಸಾಮಾನ್ಯರಿಗೆ ಎಟುಕಬೇಕು ಎಂಬುದು ಅವನ ಆಶಯ. ಆದರೆ ೧೯೮೧ರಲ್ಲಿ ‘ಹೊತ್ತೊಯ್ಯಬಹುದಾದ ಗಣಕ’ವೆಂದು ಮಾರಾಟಕ್ಕೆ ಬಂದ ಆಸ್‌ಬಾರ್ನ್ ಎಂಬ ಯಂತ್ರದ ತೂಕ ಸುಮಾರು ೧೧ ಕಿಲೋ; ಅದರೊಳಗೆ ಬ್ಯಾಟರಿಯೂ ಇರಲಿಲ್ಲ. ಸುಲಿದ ತೆಂಗಿನಕಾಯಿ ಒಂದಕ್ಕೆ ಅರ್ಧ ಕಿಲೋ ಎಂದು ಲೆಕ್ಕ ಹಿಡಿದರೆ, ಅದು ಇಪ್ಪತ್ತೆರಡು ಕಾಯಿಯ ಮೂಟೆ. ನಮ್ಮೂರಿನವರಿಗೆ ತೂಕವನ್ನು ಹೀಗೆ ಹೇಳಿದರೆ ಬೇಗ ಮನಸ್ಸಿಗೆ ಹತ್ತುವುದು. ಆದುದರಿಂದ ಮುಂದೆಯೂ ಇದೇ ಅಳತೆಯನ್ನು ಬಳಸುವೆನು.

ಬೆಂಗಳೂರಿನಲ್ಲಿ ಇಳಿದು, ಮೆಜೆಸ್ಟಿಕ್ಕಿಗೆ ನಡೆದು, ಹಸುರು ಮಾರ್ಗದ ಮೆಟ್ರೋ ರೈಲಿನಲ್ಲಿ ಒಂದೇ ನಿಲ್ದಾಣ ದಾಟಿ ಚಿಕ್ಕಪೇಟೆಯನ್ನು ಸೇರಿದೆವು. ನೆಲದೊಳಗಿಂದ ಮೇಲೆ ಬಂದಾಗ ಕಂಡುದು ಹಳೆಯ ಬೆಂಗಳೂರು. ೧೫೩೭ರಲ್ಲಿ ಕೆಂಪೇಗೌಡರು ಈ ಪೇಟೆಯನ್ನು ಕಟ್ಟುವಾಗ ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಎಡೆಯಲ್ಲಿ ನೇಗಿಲುಗಳಿಗೆ ಎತ್ತುಗಳನ್ನು ಹೂಡಿಸಿ ನಾಲ್ಕು ದಿಕ್ಕಿಗೂ ಗೆರೆ ಎಳೆಸಿದರೆಂದು ಐತಿಹ್ಯವಿದೆ. ದೊಡ್ಡಪೇಟೆಗೆ ಈಗ ಅವೆನ್ಯೂ ರಸ್ತೆಯೆಂದು ಹೆಸರು. ಸುತ್ತಲೂ ಅಕ್ಕಿಪೇಟೆ, ಬಳೆಪೇಟೆ, ತರಗುಪೇಟೆ, ಅರಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಯಾವ ವೃತ್ತಿಯೋ ಯಾವ ಸರಕೋ ಅದೇ ಹೆಸರು. ಎಸ್. ಪಿ. ರಸ್ತೆಯೂ ಈ ಪೇಟೆಗಳ ಮಗ್ಗುಲಿನಲ್ಲಿಯೇ, ಪುರಭವನಕ್ಕೆ ಸಮೀಪದಲ್ಲಿ ಇದೆ. ಕೆಂಪೇಗೌಡರ ಪದ್ಧತಿಯಂತೆ ಹೆಸರಿಡುವುದಾಗಿದ್ದರೆ ಇದಕ್ಕೆ ಗಣಕಪೇಟೆಯೆಂದು ಹೆಸರಾಗಬೇಕಾಗಿತ್ತು.

ಆ ರಸ್ತೆಯನ್ನು ನೋಡದವರಿಗೆ ವರ್ಣಿಸುವುದು ಕಷ್ಟ. ಒಂದು ಅಂಗಡಿಯಲ್ಲಿ ಬರಿಯ ತಂತಿಗಳು, ಹಾವಿನ ಹುತ್ತದಂತೆ ಸುರುಳಿ ಸುರುಳಿಯಾಗಿ. ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ವಿದ್ಯುದುಪಕರಣಗಳನ್ನು ಕಿರಾಣಿ ಅಂಗಡಿಯ ಜೀರಿಗೆ ಮೆಣಸುಗಳಂತೆ ಡಬ್ಬಗಳಲ್ಲಿ ತುಂಬಿಟ್ಟಿದ್ದಾರೆ. ಅದರಾಚೆ ಬ್ಯಾಟರಿಗಳು; ಅದರಾಚೆ ಕೀಲಿಮಣೆಗಳ ರಾಶಿ. ನೆಲ ಅಂತಸ್ತಿನಲ್ಲಿ ಜಾಗ ಸಾಲದೆ ಅಂಗಡಿಗಳು ಇಕ್ಕಟ್ಟಾದ ಮೆಟ್ಟಿಲುಗಳನ್ನೇರಿ ಎರಡನೆಯ ಮೂರನೆಯ ಅಂತಸ್ತಿಗೂ ಹೋಗಿವೆ. ರಟ್ಟಿನ ಪೆಟ್ಟಿಗೆಗಳನ್ನು ಆಳೆತ್ತರ ಕಟ್ಟಿಕೊಂಡ ಸ್ಕೂಟರುಗಳು ಜನರ ನಡುವೆ ನುಸುಳುತ್ತವೆ. ಕನ್ನಡ, ತೆಲುಗು, ತಮಿಳು, ಹಿಂದಿ, ಉರ್ದು ಎಲ್ಲವೂ ಒಂದೇ ಅಂಗಡಿಯಲ್ಲಿ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಇಲ್ಲಿ ಹೊಸ ಯಂತ್ರಗಳೂ ಇವೆ. ಆದರೆ ಬಡವಿದ್ಯಾರ್ಥಿಗಳನ್ನು ಕರೆತರುವುದು ಬಳಸಿದ ಯಂತ್ರಗಳು. ಬೆಂಗಳೂರಿನ ದೊಡ್ಡ ಕಚೇರಿಗಳು ತಮ್ಮ ನೌಕರರ ಲ್ಯಾಪ್‌ಟಾಪುಗಳನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸಿ ಹಳೆಯವನ್ನು ಒಟ್ಟಿಗೆ ಮಾರುವುದುಂಟು. ಅವು ಒರೆಸಿ ದುರಸ್ತಿಯಾಗಿ ಇಂತಹ ಅಂಗಡಿಗಳಿಗೆ ಬರುತ್ತವೆ.

ಮೊದಲು ಹೊಸ ಯಂತ್ರಗಳನ್ನೇ ನೋಡಿದೆವು. ನಮ್ಮ ಹಣದ ಮಿತಿಯಲ್ಲಿ ತೋರಿಸಿದವು ಬಹುಮಟ್ಟಿಗೆ ೧೫.೬ ಅಂಗುಲದವು, ಮೆಮೊರಿ ೮ ಜಿಬಿ. ಮೆಮೊರಿಯೆಂದರೆ ಕೆಲಸ ಮಾಡುವ ಮೇಜಿನ ಹರವೆಂದು ತಿಳಿಯಬೇಕು. ಸಂಗ್ರಹ ಬೇರೆ, ಅದು ಪುಸ್ತಕದ ಬೀರು. ಬೀರು ಎಷ್ಟು ದೊಡ್ಡದಾದರೂ ಮೇಜು ಚಿಕ್ಕದಾದರೆ ನಾಲ್ಕು ಪುಸ್ತಕ ತೆರೆದಿಟ್ಟುಕೊಂಡು ಬರೆಯಲಾಗುವುದಿಲ್ಲ. ೮ ಜಿಬಿಯಲ್ಲಿ ಕೆಲಸ ಸಾಗುವುದು. ೧೬ ಇದ್ದರೆ ಮೂರು ನಾಲ್ಕು ವರ್ಷ ನಿಶ್ಚಿಂತೆ. ಮುಂದೆ ಹೆಚ್ಚಿಸಿಕೊಳ್ಳಬಹುದೇ ಎಂದು ಕೇಳಿದ್ದಕ್ಕೆ, ಕೆಲವು ಯಂತ್ರಗಳಲ್ಲಿ ಅದನ್ನು ಒಳಗೆ ಬೆಸೆದುಬಿಟ್ಟಿರುವುದರಿಂದ ಸಾಧ್ಯವಿಲ್ಲವೆಂದರು. ಹೊಸದರ ಗುಣವನ್ನೂ ಹೇಳಬೇಕು: ಬ್ಯಾಟರಿ ಹೊಸದು, ಒಂದು ವರ್ಷ ತಯಾರಿಸಿದವರ ಹೊಣೆ. ದುರಸ್ತಿಯ ಓಡಾಟಕ್ಕೆ ಪುರಸತ್ತಿಲ್ಲದವರಿಗೆ ಅದೇ ಮೇಲು. ಒಂದು ಕಡೆ ಥಳಥಳಿಸುವ ಆಟದ ಯಂತ್ರವನ್ನೂ ತೋರಿಸಿದರು. ಹುಡುಗಿ ಅದನ್ನೂ ಅದರ ವಿದ್ಯುತ್ ಪೂರಕವನ್ನೂ ಚೀಲದಲ್ಲಿ ಹಾಕಿ ಹೆಗಲಿಗೇರಿಸಿ ನಕ್ಕು ಕೆಳಗಿಟ್ಟಳು. ಎರಡೂ ಸೇರಿ ಮೂರು ಕಿಲೋ; ಆರು ಕಾಯಿ.

ಇನ್ನು ನನ್ನ ಅವಿವೇಕದ ಕಥೆ. ಮುಂದಿನ ಅಂಗಡಿಯಲ್ಲಿ ಬಳಸಿದ ಯಂತ್ರವೊಂದನ್ನು ತೋರಿಸಿ, “ಐ ೭ ಸಾರ್, ಇಪ್ಪತ್ತೊಂದು ಸಾವಿರಕ್ಕೆ ಕೊಡ್ತೀನಿ” ಎಂದರು. ಇಂಟೆಲ್ ಎಂಬ ಸಂಸ್ಥೆಯ ಸಂಸ್ಕಾರಕಗಳಿಗೆ ಐ ೩, ಐ ೫, ಐ ೭ ಎಂದು ದರ್ಜೆಗಳಿರುವುದನ್ನು ನಾನು ಕೇಳಿದ್ದೆನು. ಹೊಸ ಅಂಗಡಿಯವರು ಐ ೩ ತೋರಿಸಿದ್ದರು. ಇಲ್ಲಿ ಐ ೭, ಅರ್ಧ ಬೆಲೆಗೆ! ತಂಗಿಯ ಹಣದಲ್ಲಿ ಅರ್ಧ ಉಳಿಸಿದ ಕೀರ್ತಿ ನನ್ನದಾಗುವುದೆಂದು ಮನಸ್ಸು ಹಿಗ್ಗಿತು. ಮುಂಗಡ ಕೊಡಲು ಮೊಬೈಲನ್ನು ಹೊರಗೆ ತೆಗೆದಿದ್ದೆನು. ಅಷ್ಟರಲ್ಲಿ ಹುಡುಗಿ ಯಂತ್ರದ ವಿವರದ ಪುಟವನ್ನು ತೆರೆದು ನನ್ನ ತೋಳನ್ನು ಮೆಲ್ಲನೆ ಮುಟ್ಟಿದಳು. ಅಲ್ಲಿ ‘ಐ ೭–೬೬೦೦ ಯು’ ಎಂದಿತ್ತು.

“ಮಾವ, ಏಳನ್ನು ನೋಡಬೇಡಿ, ಅದರ ಮುಂದಿನದನ್ನು ನೋಡಿ. ಆರರಿಂದ ಆರಂಭವಾಗಿದೆ. ಆರನೆಯ ಪೀಳಿಗೆ. ಹತ್ತು ವರ್ಷದ ಹಿಂದಿನದು.”

ಅವಳು ವಿವರಿಸಿದ್ದು ಹೀಗೆ. ಆ ಐ ೭ರೊಳಗೆ ಕೆಲಸಗಾರ ತಿರುಳುಗಳು ಎರಡೇ. ಎಂಟನೆಯ ಪೀಳಿಗೆಯ ‘ಐ ೫–೮೩೫೦ ಯು’ವಿನಲ್ಲಿ ನಾಲ್ಕು. ಅಂದರೆ ಕಿರಿಯ ಐದು ಹಿರಿಯ ಏಳಕ್ಕಿಂತ ಸಮರ್ಥ. ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರು ನೀಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ನ್ನು ವಿಧಿವತ್ತಾಗಿ ಹಾಕಬೇಕಾದರೆ, ಇಂಟೆಲಿನವುಗಳಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದೋ ಅದಕ್ಕಿಂತ ಹೊಸದೋ ಬೇಕು. ಹೀಗಾಗಿ ಅದಕ್ಕಿಂತ ಹಳೆಯ ಯಂತ್ರಗಳು ಅಗ್ಗದ ಬೆಲೆಗೆ ಅಂಗಡಿಗಳಲ್ಲಿ ಕಾದು ಕುಳಿತಿವೆ. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಕೊಳ್ಳಬಲ್ಲವರಿಗೆ ಅವು ವ್ಯರ್ಥವಲ್ಲ. ಆದರೆ ‘ಐ ೭’ ಎಂಬ ಹೆಸರಿಗೆ ಬೆಲೆ ಕೊಟ್ಟು ಕೊಳ್ಳತಕ್ಕವಲ್ಲ.

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಮಕ್ಕಳಿಗೆ ಸಮಾಸ ಪ್ರಕರಣವನ್ನು ಪಾಠ ಹೇಳಿದವನು ನಾನು. ತತ್ಪುರುಷದಲ್ಲಿ ಉತ್ತರಪದವೇ ಪ್ರಧಾನ. ‘ರಾಜಪುರುಷನನ್ನು ಕರೆ’ ಎಂದರೆ ಬರುವವನು ಸೇವಕ, ರಾಜನಲ್ಲ. ಯಂತ್ರದ ಹೆಸರಿನಲ್ಲಿಯೂ ಉತ್ತರಪದವನ್ನೇ ಮೊದಲು ನೋಡಬೇಕೆಂಬುದು ನನಗೆ ಹೊಳೆಯಲಿಲ್ಲ. ಇದನ್ನು ಹುಡುಗಿಗೆ ಹೇಳಿದಾಗ ಅವಳು ಅಂಗಡಿಯ ಮೆಟ್ಟಿಲಿನಲ್ಲಿ ನಿಂತು ಚೆನ್ನಾಗಿ ನಕ್ಕಳು. ಅಂಗಡಿಯವರನ್ನು ಮೋಸಗಾರರೆನ್ನಲಾರೆ. “ಬರೆಯೋಕೆ ಓದೋಕೆ ಇದೇ ಸಾಕು ಸಾರ್” ಎಂದರು. ಅದು ಅರ್ಧ ಸತ್ಯ. ಮಿಕ್ಕ ಅರ್ಧವನ್ನು ಕೇಳುವುದು ಕೊಳ್ಳುವವನ ಕೆಲಸ.

ಮಧ್ಯಾಹ್ನವಾಗಿತ್ತು. ಊಟ ಮುಗಿಸಿ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ಸಾಲಿಗೆ ಹೋದೆವು. ಅಲ್ಲಿಗೆ ಹೋಗದೆ ಬೆಂಗಳೂರಿನಿಂದ ಹಿಂದಿರುಗುವ ಅಭ್ಯಾಸ ನನಗಿಲ್ಲ. ೧೯೮೫ರಲ್ಲಿ, ಮೈಸೂರಿಗೆ ಎಂ.ಎ. ಓದಲು ಹೊರಡುವ ಮುಂಚೆ, ಅಲ್ಲಿಯೇ ಒಂದು ಕಾಲುದಾರಿಯ ಅಂಗಡಿಯಲ್ಲಿ ಆಪ್ಟೆಯವರ ಸಂಸ್ಕೃತ ನಿಘಂಟಿನ ಹಳೆಯ ಪ್ರತಿಯನ್ನು ಕೊಂಡಿದ್ದೆನು. ಒಳಹಾಳೆಯಲ್ಲಿ ಯಾರೋ ಹಿಂದಿನ ವಿದ್ಯಾರ್ಥಿಯ ಹೆಸರಿತ್ತು. ಅದರ ಕೆಳಗೆ ನನ್ನ ಹೆಸರನ್ನು ಬರೆದೆನು. ಈಗಲೂ ಅದು ನನ್ನ ಮೇಜಿನ ಮೇಲಿದೆ. ಬೆನ್ನು ಕಿತ್ತಿದೆ, ಆದರೆ ಒಂದು ಧಾತುವಿನ ಅರ್ಥವೂ ಸವೆದಿಲ್ಲ. ಗ್ರಂಥಕ್ಕೂ ಯಂತ್ರಕ್ಕೂ ಇರುವ ಭೇದ ಇದೇ. ಹಳೆಯ ಪುಸ್ತಕವನ್ನು ಕೊಳ್ಳುವವನು ಹಾಳೆಗಳು ಪೂರ್ತಿಯಾಗಿವೆಯೇ ಎಂದು ನೋಡಿದರೆ ಸಾಕು. ಹಳೆಯ ಯಂತ್ರವನ್ನು ಕೊಳ್ಳುವವನು ಅದಕ್ಕೆ ಇನ್ನೆಷ್ಟು ಆಯುಸ್ಸು ಉಳಿದಿದೆಯೆಂದು ಜಾತಕವನ್ನೇ ನೋಡಬೇಕು.

ಆ ನಿಘಂಟಿನ ಹಣದ ವಿಚಾರವನ್ನು ಅಂದು ಹುಡುಗಿಗೆ ಹೇಳಿದೆನು. ೧೯೮೫ರಲ್ಲಿಯೇ ಅವಳ ತಾಯಿ ಎಸ್.ಎಸ್.ಎಲ್.ಸಿ.ಯಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗಿದ್ದಳು. ಗಣಿತದಲ್ಲಿ ನನಗಿಂತ ಎಷ್ಟೋ ಪಾಲು ಚುರುಕು. ಮನೆಯಲ್ಲಿ ಒಬ್ಬರನ್ನು ಓದಿಸುವಷ್ಟು ಹಣ ಮಾತ್ರ ಇದ್ದಿತು. ನಮ್ಮ ತಂದೆಯವರು ಬಹಳ ಯೋಚಿಸಲಿಲ್ಲ. ಆಗಿನ ಕಾಲದಲ್ಲಿ ಯಾರೂ ಯೋಚಿಸುತ್ತಿರಲಿಲ್ಲ. ನಾನು ಮೈಸೂರಿಗೆ ಹೋದೆನು. ಅವಳು ಮನೆಯಲ್ಲಿ ಉಳಿದಳು. ನನ್ನ ಪೆಟ್ಟಿಗೆಯನ್ನು ಅಚ್ಚುಕಟ್ಟಾಗಿ ಜೋಡಿಸಿಕೊಟ್ಟವಳೂ ಅವಳೇ. ಈ ನಲವತ್ತು ವರ್ಷಗಳಲ್ಲಿ ಒಂದು ದಿನವೂ ಆ ಮಾತನ್ನು ಆಡಿದವಳಲ್ಲ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮ ಹೇಳಿದ್ದಾಳೆ ಮಾವ” ಎಂದಳು. ಅದಕ್ಕಿಂತ ಹೆಚ್ಚಾಗಿ ಏನನ್ನೂ ಹೇಳಲಿಲ್ಲ. ನಾನು ತಡೆಯಲಾರದೆ, “ನನ್ನದು ಇಪ್ಪತ್ತು ಸಾವಿರ ಸೇರಿಸೋಣ, ಒಳ್ಳೆಯ ಹೊಸ ಯಂತ್ರವನ್ನೇ ಕೊಳ್ಳೋಣ” ಎಂದೆನು. ಅವಳು, “ಬೇಡ ಮಾವ. ಇದು ಅಮ್ಮನ ದುಡ್ಡಿನಲ್ಲಿಯೇ ಆಗಬೇಕು” ಎಂದಳು. ತಾಯಿಯ ಧ್ವನಿಯೇ ಅದು. ನಾನು ಮತ್ತೆ ಆ ಪ್ರಸ್ತಾಪವನ್ನೆತ್ತಲಿಲ್ಲ.

ಪುನಃ ಎಸ್. ಪಿ. ರಸ್ತೆಗೆ ಬಂದು, ಎರಡನೆಯ ಅಂತಸ್ತಿನ ಒಂದು ಚಿಕ್ಕ ಅಂಗಡಿಯನ್ನೇರಿದೆವು. ದುರಸ್ತಿಯ ಮೇಜಿನ ಮುಂದೆ ಒಬ್ಬ ತರುಣ ಕುಳಿತಿದ್ದ. ಹುಡುಗಿ ಏನು ಓದುತ್ತಾಳೆ, ಏನು ಕೆಲಸಕ್ಕೆ ಯಂತ್ರ ಬೇಕು ಎಂದು ಮೊದಲು ಕೇಳಿದವನು ಆ ದಿನದಲ್ಲಿ ಅವನೊಬ್ಬನೇ. ಆಮೇಲೆ ಕಚೇರಿಯ ನೌಕರರಿಗಾಗಿ ತಯಾರಿಸುವ ವರ್ಗದ ಮೂರು ಯಂತ್ರಗಳನ್ನು ಇಟ್ಟನು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಎಂಬವು ಈ ವರ್ಗದ ಹೆಸರುಗಳು. ಇವುಗಳ ಮೈ ಕಪ್ಪು ಬೂದು, ಅಲಂಕಾರವಿಲ್ಲ. ಆದರೆ ಕೀಲಿಮಣೆ ಗಟ್ಟಿ, ಕೀಲು ಬಿಗಿ, ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ. ಅವುಗಳಲ್ಲಿ ಒಂದು ಹನ್ನೊಂದನೆಯ ಪೀಳಿಗೆಯ ಐ ೫, ೧೪ ಅಂಗುಲ, ೧೬ ಜಿಬಿ ಮೆಮೊರಿ, ೫೧೨ ಜಿಬಿಯ ಎಸ್‌ಎಸ್‌ಡಿ ಸಂಗ್ರಹ. ತೂಕ ೧.೪ ಕಿಲೋ, ಮೂರು ಕಾಯಿಗೂ ಕಡಿಮೆ.

ಹುಡುಗಿ ಪರೀಕ್ಷೆ ಮಾಡಿದ ಕ್ರಮವನ್ನು ಗೃಹಸ್ಥರು ಗಮನಿಸಬೇಕು. ಮೊದಲು ಬ್ಯಾಟರಿ. ವಿಂಡೋಸಿನ ಆಜ್ಞೆಯ ಕಪ್ಪು ಪರದೆಯನ್ನು ತೆರೆದು ‘ಪವರ್‌ಸಿಎಫ್‌ಜಿ’ ಎಂದೂ, ಸ್ವಲ್ಪ ಎಡೆಬಿಟ್ಟು ಒಂದು ಓರೆಗೆರೆಯನ್ನು ಹಾಕಿ ‘ಬ್ಯಾಟರಿರಿಪೋರ್ಟ್’ ಎಂದೂ ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿದರೆ ಯಂತ್ರವೇ ಒಂದು ವರದಿಯನ್ನು ಬರೆದುಕೊಡುವುದು. ಬ್ಯಾಟರಿ ಹುಟ್ಟಿದಾಗ ಎಷ್ಟು ವಿದ್ಯುತ್ತನ್ನು ಹಿಡಿಯುತ್ತಿತ್ತು, ಈಗ ಎಷ್ಟನ್ನು ಹಿಡಿಯುತ್ತದೆ ಎಂಬ ಎರಡು ಸಂಖ್ಯೆಗಳು ಅದರಲ್ಲಿರುತ್ತವೆ. ಅವಳು ಮೊದಲು ನೋಡಿದ ಯಂತ್ರದಲ್ಲಿ ೬೩,೦೦೦ ಇದ್ದುದು ೪೧,೦೦೦ಕ್ಕೆ ಇಳಿದಿತ್ತು, ನೂರಕ್ಕೆ ೬೫. ಈ ಯಂತ್ರದಲ್ಲಿ ೫೪,೦೦೦ ಉಳಿದಿತ್ತು, ನೂರಕ್ಕೆ ೮೬. ಅಂದರೆ ೫೪ ವ್ಯಾಟ್-ಗಂಟೆ. ಓದು ಬರಹದಲ್ಲಿ ಯಂತ್ರ ಸುಮಾರು ಹತ್ತು ವ್ಯಾಟ್ ನುಂಗಿದರೆ ಐದು ಗಂಟೆಗೂ ಮೇಲೆ ಬರುವುದು. ಒಂದು ದಿನದ ತರಗತಿಗೆ ಸಾಕು.

ಎರಡನೆಯದು ಬೀಗ. ಕಚೇರಿಗಳಿಂದ ಬಂದ ಯಂತ್ರಗಳಲ್ಲಿ ಕೆಲವೊಮ್ಮೆ ಹಳೆಯ ಒಡೆಯರ ಬೀಗ ಉಳಿದಿರುವುದುಂಟು. ಅಂಗಡಿಯಲ್ಲಿ ಚೆನ್ನಾಗಿಯೇ ನಡೆದು, ಮನೆಯಲ್ಲಿ ಹೊಸದಾಗಿ ಸಿದ್ಧಪಡಿಸಲು ಹೊರಟಾಗ ಆ ಕಂಪನಿಯ ಗುಪ್ತಪದವನ್ನು ಕೇಳಿ ನಿಂತುಬಿಡುವುದು. ಆದುದರಿಂದ ಹಣ ಕೊಡುವ ಮೊದಲೇ, ಅಂತರಜಾಲಕ್ಕೆ ಸೇರಿಸಿ, ಎಲ್ಲವನ್ನೂ ಅಳಿಸಿ ಮೊದಲಿನಿಂದ ಆರಂಭಿಸಿ ತೋರಿಸಲು ಕೇಳಿದಳು. ತರುಣನು ಬೇಸರಪಡದೆ ಮಾಡಿದನು. ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಅವನೇ ಮತ್ತೊಂದು ಅಂತಹುದೇ ಯಂತ್ರದ ಬೆನ್ನನ್ನು ತಿರುಪುಳಿಯಿಂದ ಬಿಚ್ಚಿ, ಮೆಮೊರಿಯ ಎರಡು ಗೂಡುಗಳನ್ನೂ ಬ್ಯಾಟರಿ ಕೂರುವ ಎಡೆಯನ್ನೂ ತೋರಿಸಿದನು. ಎರಡು ವರ್ಷದ ಮೇಲೆ ಬ್ಯಾಟರಿ ದಣಿದರೆ ಅದನ್ನು ಮಾತ್ರ ಬದಲಾಯಿಸಬಹುದು. ಮೆಮೊರಿಯ ಬೆಲೆ ಆ ದಿನಗಳಲ್ಲಿ ಏರತೊಡಗಿದ್ದರಿಂದ ಈಗಲೇ ೧೬ ಇರುವುದನ್ನು ಕೊಳ್ಳುವುದು ಮೇಲೆಂದೂ ಹೇಳಿದನು.

ಆಮೇಲೆ ಸಣ್ಣ ಪರೀಕ್ಷೆಗಳು. ಕೀಲಿಮಣೆಯ ಪ್ರತಿಯೊಂದು ಕೀಲಿಯನ್ನೂ ಒತ್ತಿದಳು. ಪರದೆಯನ್ನು ಬರಿಯ ಬಿಳಿ ಮಾಡಿ ಕಲೆಗಳಿವೆಯೇ ಎಂದು ನೋಡಿದಳು. ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಕಾಣುವುದೇ ಎಂದು ನೋಡಿದಳು. ಕ್ಯಾಮರಾ, ಧ್ವನಿ, ಬದಿಯ ರಂಧ್ರಗಳು ಎಲ್ಲವನ್ನೂ ಪರೀಕ್ಷಿಸಿದಳು. ವಿಂಡೋಸಿನ ಪರವಾನಗಿ ಸಕ್ರಮವಾಗಿದೆಯೇ ಎಂದು ನೋಡಿದಳು. ಕೊನೆಗೆ ಯಂತ್ರವನ್ನು ಪೂರಕದೊಡನೆ ಚೀಲಕ್ಕೆ ಹಾಕಿ, ಕೆಳಗಿಳಿದು ಮತ್ತೆ ಎರಡು ಅಂತಸ್ತು ಹತ್ತಿ ಬಂದಳು. ಏದುಸಿರು ಇರಲಿಲ್ಲ. ಅದೇ ಅವಳ ಕಡೆಯ ಪರೀಕ್ಷೆ.

ಬೆಲೆ ೩೬,೫೦೦ಕ್ಕೆ ನಿಂತಿತು. ತೆರಿಗೆಯನ್ನೊಳಗೊಂಡ ಬಿಲ್ಲಿನಲ್ಲಿ ಯಂತ್ರದ ಕ್ರಮಸಂಖ್ಯೆಯನ್ನೂ ಆರು ತಿಂಗಳ ಹೊಣೆಯನ್ನೂ ಬರೆಸಿಕೊಂಡೆವು. ಬಾಯಿಮಾತಿನ ಹೊಣೆ ಮೆಟ್ಟಿಲು ಇಳಿಯುವವರೆಗೆ ಮಾತ್ರ ಬಾಳುವುದೆಂದು ನನ್ನ ನಂಬಿಕೆ. ಒಂದು ಚೀಲಕ್ಕೆ ೯೦೦ ಆಯಿತು. ಉಳಿದುದು ೪,೬೦೦.

ಈ ವಿಷಯದಲ್ಲಿ ನನಗೆ ತಿಳಿದುಬಂದ ಸಾರವಿಷ್ಟು. ಬೆಲೆಯನ್ನು ಕೊಡುವವನು ಒಬ್ಬ, ಭಾರವನ್ನು ಹೊರುವವನು ಇನ್ನೊಬ್ಬ. ಮನೆಯ ಹಿರಿಯರು ಬೆಲೆಯನ್ನೂ ಹೊಳಪನ್ನೂ ನೋಡಿ ಒಂದನ್ನು ಕೊಂಡುತಂದು ಮಕ್ಕಳಿಗೆ ಒಪ್ಪಿಸುವುದು ರೂಢಿ. ಹಾಗೆ ಮಾಡಬಾರದು. ಮೊದಲು, ಓದುವ ಮಗು ದಿನವೂ ಏನು ಕೆಲಸ ಮಾಡಬೇಕು, ಎಲ್ಲಿ ಕುಳಿತು ಮಾಡಬೇಕು, ಎಷ್ಟು ದೂರ ಹೊರಬೇಕು ಎಂಬುದನ್ನು ಅವಳ ಬಾಯಿಂದಲೇ ಕೇಳಬೇಕು. ಅವಳ ವಿಭಾಗದವರು ಯಾವ ತಂತ್ರಾಂಶವನ್ನು ಬಳಸುವರೆಂದು ವಿಚಾರಿಸಬೇಕು. ಚಿತ್ರಕಲೆಯವರಿಗೆ, ಕಟ್ಟಡಗಳ ನಕ್ಷೆ ಬರೆಯುವವರಿಗೆ ಬೇರೆ ಯಂತ್ರ ಬೇಕಾದೀತು. ಆ ಉತ್ತರಗಳು ಕೈಯಲ್ಲಿದ್ದರೆ ಅಂಗಡಿಯ ಹತ್ತು ಮಾತಿನಲ್ಲಿ ಒಂಬತ್ತು ತಾವಾಗಿ ಉದುರಿಹೋಗುತ್ತವೆ. ಹಿರಿಯನು ಜೊತೆಯಲ್ಲಿ ಹೋಗಬೇಕಾದುದು ಆರಿಸುವುದಕ್ಕಲ್ಲ. ಆರಿಸುವವರಿಗೆ ಅವಸರವಾಗದಂತೆ ನೋಡಿಕೊಳ್ಳುವುದಕ್ಕೆ.

ರಾತ್ರಿ ಒಂಬತ್ತೂವರೆಗೆ ಊರು ಸೇರಿದೆವು. ತಂಗಿ ಕೈತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಯಂತ್ರವನ್ನು ಎರಡು ಕೈಯಲ್ಲಿಯೂ ಎತ್ತಿ ನೋಡಿದಳು. “ಮೂರು ಕಾಯಿ ತೂಕವೂ ಇಲ್ಲವಲ್ಲ 
ಅಣ್ಣ!” ಎಂದಳು. ನಾನು ತೂಕದ ಮಾತನ್ನು ಅವಳಿಗೆ ಇನ್ನೂ ಹೇಳಿರಲೇ ಇಲ್ಲ. “ಇದರಲ್ಲಿ ಕನ್ನಡ ಬರೆಯಬಹುದೇ?” ಎಂದು ಮಗಳನ್ನು ಕೇಳಿದಳು. ಹುಡುಗಿ ಕನ್ನಡದ ಕೀಲಿಯನ್ನು ಸಿದ್ಧಪಡಿಸಿ, ಯಾವ ಅಕ್ಷರಕ್ಕೆ ಯಾವುದನ್ನು ಒತ್ತಬೇಕೆಂದು ತೋರಿಸಿದಳು. ತಂಗಿ ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರವನ್ನು ಹುಡುಕಿ, ‘ಕೊಬ್ಬರಿ ಬಾಬ್ತು ೪೨,೦೦೦’ ಎಂದು ಬರೆದಳು. ಅದರ ಕೆಳಗೆ ೩೬,೫೦೦, ೯೦೦. ಮನಸ್ಸಿನಲ್ಲಿಯೇ ಕಳೆದು ೪,೬೦೦ ಎಂದು ಬರೆದು, “ಇದು ಹಾಸ್ಟೆಲಿಗೆ” ಎಂದಳು. ಯಂತ್ರಕ್ಕೆ ಕೂಡಿ ಕಳೆಯಲು ಬರುವುದೆಂದು ನಾವಿಬ್ಬರೂ ಹೇಳಲಿಲ್ಲ.

ನಲವತ್ತು ವರ್ಷದ ಹಳೆಯ ಮಾತೊಂದನ್ನು ಆ ರಾತ್ರಿ ಅವಳೊಡನೆ ಆಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆನು. ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದು ಎಲೆ ಹಾಕುತ್ತಾ, “ಅಟ್ಟ ಖಾಲಿಯಾಗಿದೆ ಅಣ್ಣ. ನಾಳೆ ಹೊಸ ಕಾಯಿ ಏರಿಸಬೇಕು. ಒಂದು ಆಳು ಕಡಿಮೆ. ನೀನೂ ಬಾ” ಎಂದಳು.

ಮರುದಿನ ಬೆಳಿಗ್ಗೆ ಆರು ಗಂಟೆಗೇ ಹೋದೆನು.